ಎಡದಂಡೆಯ ನೆಲದೊಳಗಿನ ಸಹವಾಸ

ಸಿಂಧನೂರು ತಾಲ್ಲೂಕಿನ ದಢೇಸುಗೂರು ಇಂದು ತನ್ನ ಕೃಷಿ ಸಂಶೋಧನಾ ಕೇಂದ್ರದಿಂದಲೂ ಸುತ್ತಲಿನ ಭತ್ತದ ಗದ್ದೆಗಳಿಂದಲೂ ಹೆಸರಾಗಿದ್ದರೂ, ಈ ಸೀಮೆಯ ಎರೆಭೂಮಿಯ ಬಹುಭಾಗ ಭತ್ತದ ನೆಲವಾದದ್ದು ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ. ಅದಕ್ಕೆ ಮುನ್ನ ಇಲ್ಲಿ ಬೆಳೆಯುತ್ತಿದ್ದ ಬಿಳಿಜೋಳ, ಸಜ್ಜೆ, ಹತ್ತಿ, ತೊಗರಿಗಳಿಗೂ ಬದುವಿನ ಕರಿಜಾಲಿ, ಬೇವುಗಳಿಗೂ ಬೇರಿನಲ್ಲಿ ಒಂದೇ ಬಗೆಯ ಜೊತೆಗಾರನಿದ್ದ. ಅದು ಮೈಕೊರೈಜಾ, ಅಂದರೆ ಬೇರಿನೊಡನೆ ಕೂಡಿ ಬಾಳುವ ಶಿಲೀಂಧ್ರ.

1885ರಲ್ಲಿ ಜರ್ಮನಿಯ ಎ. ಬಿ. ಫ್ರಾಂಕ್ ಈ ಹೆಸರು ಕೊಟ್ಟದ್ದು ಕಾಡುಮರಗಳ ಬೇರುತುದಿಗೆ ಹೊರಗಿನಿಂದ ಕವಚದಂತೆ ಹೊದೆಯುವ ಶಿಲೀಂಧ್ರಗಳನ್ನು ಕಂಡು. ಪಶ್ಚಿಮಘಟ್ಟದ ಧೂಪ, ಬೋಗಿ ಮರಗಳದು ಅದೇ ಬಗೆ. ಕರಾವಳಿಯವರು ಮುಂಗಾರಿನ ಮೊದಲಲ್ಲಿ ಹೆಕ್ಕಿ ತರುವ ಕಲ್ಲಣಬೆ ಇಂಥ ಶಿಲೀಂಧ್ರದ್ದೇ ಫಲ. ಬಯಲುಸೀಮೆಯ ಶಿಲೀಂಧ್ರವಾದರೋ ಅಣಬೆ ಬಿಡುವುದಿಲ್ಲ, ಬರಿಗಣ್ಣಿಗೆ ಕಾಣುವುದೂ ಇಲ್ಲ. ಜೋಳದ ಎಳೆಬೇರನ್ನು ಕ್ಷಾರದಲ್ಲಿ ಬೇಯಿಸಿ ನೀಲಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರೆ, ಜೀವಕೋಶದೊಳಗೆ ಕವಲೊಡೆದು ನಿಂತ ಪುಟ್ಟ ಮರದಂಥ ಆಕಾರ ಕಾಣುತ್ತದೆ. ಶಿಲೀಂಧ್ರವು ರಂಜಕವನ್ನು ಒಪ್ಪಿಸಿ ಸಸ್ಯದಿಂದ ಸಕ್ಕರೆ, ಕೊಬ್ಬುಗಳನ್ನು ಪಡೆಯುವುದು ಅಲ್ಲಿಯೇ. ಸುಣ್ಣದಂಶವುಳ್ಳ ಎರೆಮಣ್ಣಿನಲ್ಲಿ ರಂಜಕ ಗಟ್ಟಿಯಾಗಿ ಹಿಡಿದುಕೊಂಡು ಅಲುಗದಿರುವುದರಿಂದ, ಬೇರುರೋಮಗಳಿಗೆ ಎಟುಕದ ದೂರಕ್ಕೆ ಚಾಚುವ ಈ ಎಳೆಗಳ ನೆರವು ಇಲ್ಲಿಯ ಮಳೆಯಾಶ್ರಿತ ಬೇಸಾಯಕ್ಕೆ ದೊಡ್ಡದು.

ಈ ಸಹವಾಸದ ಪಳೆಯುಳಿಕೆಗಳು ಸ್ಕಾಟ್ಲೆಂಡಿನ ರೈನಿ ಶಿಲೆಗಳಲ್ಲಿ ಸುಮಾರು 40 ಕೋಟಿ ವರ್ಷಗಳಷ್ಟು ಹಿಂದಿನವು ದೊರೆತಿವೆ. ಮಸ್ಕಿ, ಪಿಕ್ಲಿಹಾಳದಂಥ ನೆಲೆಗಳಲ್ಲಿ ಬದುಕಿದ ದಕ್ಷಿಣದ ನವಶಿಲಾಯುಗದ ಜನ ಬೆಳೆದುಕೊಂಡ ಹುರುಳಿ, ಹೆಸರು, ಕೊರಲೆಗಳೂ ಇದೇ ಕುಲದ ಶಿಲೀಂಧ್ರಗಳೊಡನೆ ಬಾಳುವ ಬೆಳೆಗಳೇ. ಆದುದರಿಂದ ಈ ಸೀಮೆಯ ಒಕ್ಕಲುತನದ ಚರಿತ್ರೆಯನ್ನು ಶಾಸನ, ಬೂದಿದಿಬ್ಬಗಳಿಂದ ಮಾತ್ರ ಬರೆದರೆ ಅದು ಅಪೂರ್ಣವೇ ಸರಿ.

1945ರಲ್ಲಿ ಹೈದರಾಬಾದ್ ಮತ್ತು ಮದ್ರಾಸ್ ಸರ್ಕಾರಗಳು ಕೂಡಿ ಆರಂಭಿಸಿದ ತುಂಗಭದ್ರಾ ಅಣೆಕಟ್ಟೆ 1953ರಲ್ಲಿ ಮುಗಿದು ನೀರು ಹರಿದ ಮೇಲೆ, ಆಂಧ್ರದ ಕರಾವಳಿಯಿಂದ ಬಂದ ರೈತರು ಕ್ಯಾಂಪುಗಳನ್ನು ಕಟ್ಟಿ ನೆಲೆಸಿದರು, ಹೊಲಗಳು ಮಡಿಗಳಾದವು. ನೀರು ನಿಂತ ಕೆಸರಿನಲ್ಲಿ ಆಮ್ಲಜನಕ ತೀರಾ ಕಡಿಮೆಯಾಗುವುದರಿಂದ ಉಸಿರಾಟಕ್ಕೆ ಅದನ್ನೇ ನೆಚ್ಚಿದ ಈ ಶಿಲೀಂಧ್ರಗಳು ಬೇರಿನಲ್ಲಿ ಕುಗ್ಗುತ್ತವೆ. ಅವು ದುಡಿದು ತರುತ್ತಿದ್ದ ರಂಜಕವನ್ನು ಡಿಎಪಿ ಗೊಬ್ಬರದ ಚೀಲಗಳು ತುಂಬಿಕೊಡತೊಡಗಿದವು. ನೀರಾವರಿ ಈ ನಾಡಿನ ಹಸಿವು ಕಳೆದದ್ದು ನಿಜ, ಆದರೆ ಸವಳು-ಜವಳಿನ ಲೆಕ್ಕ ಇಡುವಷ್ಟು ಕಾಳಜಿಯಿಂದ ಈ ನಷ್ಟದ ಲೆಕ್ಕವನ್ನೂ ಇಡಬೇಕಾಗಿತ್ತು. ಕಾಲುವೆಯ ಕೊನೆಭಾಗದಲ್ಲಿ ನೀರು ತಲುಪದ ವರ್ಷ ಹಿಂಗಾರಿಗೆ ಜೋಳವನ್ನೋ ಕಡಲೆಯನ್ನೋ ಬಿತ್ತಿದಲ್ಲಿ, ಮಣ್ಣಿನಲ್ಲಿ ಉಳಿದ ಬೀಜಕಗಳು ಮೊಳೆತು ಕೆಲವೇ ವಾರಗಳಲ್ಲಿ ಎಳೆಬೇರುಗಳನ್ನು ಮತ್ತೆ ಹೊಗುತ್ತವೆ.