ಜ್ವರ ಬಿಟ್ಟ ಮೇಲಿನ ಊಟ

ವಿಷಮಶೀತಜ್ವರದಿಂದ ಎದ್ದವರೊಬ್ಬರು ನಿಮ್ಮ ಮನೆಯಲ್ಲಿದ್ದಾರೆ ಎನ್ನೋಣ. ಜ್ವರ ಬಿಟ್ಟಿದೆ, ಆದರೆ ಕೆನ್ನೆ ಗುಳಿಬಿದ್ದಿದೆ, ಅಂಗಿ ಭುಜದಿಂದ ಜಾರುತ್ತಿದೆ. ಅಜ್ಜಿಯ ತೀರ್ಪು: "ಒಂದು ತಿಂಗಳು ತಿಳಿಗಂಜಿ ಬಿಟ್ಟು ಬೇರೇನೂ ಕೂಡದು." ನೋಡಲು ಬಂದ ನೆರೆಯವರ ಕೈಯಲ್ಲಿ ಬೆಣ್ಣೆದೋಸೆಯ ಪೊಟ್ಟಣ: "ತಿನ್ನಲಿ ಬಿಡಿ, ಮೈ ತಾನೇ ತುಂಬುತ್ತದೆ." ದಾವಣಗೆರೆ, ಹರಿಹರಗಳ ಮನೆಗಳಿಗೆ ಈ ವಾದ ಹೊಸದೇನಲ್ಲ. ಇಬ್ಬರಲ್ಲಿ ಯಾರ ಮಾತು ಸರಿ? ಚರಿತ್ರೆಯನ್ನು ಕೇಳಿ ನೋಡೋಣ. ಅದು ಬಹಳ ದುಬಾರಿ ಬೆಲೆ ತೆತ್ತು ಈ ಪಾಠವನ್ನು ಕಲಿತಿದೆ.

ನಮ್ಮ ಹಿರಿಯರು ಧಾತು, ಈಶ್ವರ ಸಂವತ್ಸರಗಳ ಬರವೆಂದು ನೆನೆಯುತ್ತಿದ್ದ 1876–78ರ ಕ್ಷಾಮವನ್ನು ತೆಗೆದುಕೊಳ್ಳಿ. ದಾವಣಗೆರೆ, ಹರಿಹರಗಳು ಆಗ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದವು. ಬೆಂಗಳೂರಿನಿಂದ ಇತ್ತ ರೈಲು ಇನ್ನೂ ಬಂದಿರಲಿಲ್ಲ. ಹರಿಹರದಲ್ಲಿ ತುಂಗಭದ್ರೆಗೆ 1868ರಲ್ಲಿ ಕಟ್ಟಿದ ಸೇತುವೆಯೇನೋ ಇತ್ತು. ಆದರೆ ಆಚೆ ದಡದ ಧಾರವಾಡ ಸೀಮೆಯಲ್ಲೂ ಬರವೇ. 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಮಿಕ್ಕಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು.

ಇದೇ ಕ್ಷಾಮದಲ್ಲಿ ಮದರಾಸಿನ ಪರಿಹಾರ ಶಿಬಿರದ ಆಸ್ಪತ್ರೆಯಲ್ಲಿದ್ದ ಅಲೆಗ್ಸಾಂಡರ್ ಪೋರ್ಟರ್ ಎಂಬ ವೈದ್ಯರು ಒಂದು ಸಂಗತಿಯನ್ನು ಕಂಡರು. ಅನ್ನ ಸಿಕ್ಕಿದ ಮೇಲೂ ಜನ ಭೇದಿಯಿಂದ ಸಾಯುತ್ತಿದ್ದರು. ಶವಪರೀಕ್ಷೆ ಮಾಡಿದಾಗ ಕರುಳಿನ ಗೋಡೆ ಸವೆದು ತೆಳುವಾಗಿತ್ತು. ಹಸಿವು ಮೈಯ ಮಾಂಸವನ್ನು ಕರಗಿಸುವುದರ ಜೊತೆಗೆ ಊಟವನ್ನು ಅರಗಿಸುವ ಅಂಗವನ್ನೂ ಕರಗಿಸಿರುತ್ತದೆ. ಪೋರ್ಟರರು 1889ರಲ್ಲಿ ಇದನ್ನು ಗ್ರಂಥವಾಗಿ ಪ್ರಕಟಿಸಿದರು.

ಎರಡನೆಯ ಮಹಾಯುದ್ಧದ ಕೊನೆಗೆ ಬಿಡುಗಡೆಯಾದ ಕೈದಿಗಳಲ್ಲಿ ಇದರ ಇನ್ನೊಂದು ಮುಖ ಕಂಡುಬಂದಿತು. ಬಹುಕಾಲ ಉಪವಾಸವಿದ್ದ ದೇಹಕ್ಕೆ ಒಮ್ಮೆಲೇ ಅನ್ನ, ಸಕ್ಕರೆಗಳನ್ನು ತುಂಬಿದರೆ ಇನ್ಸುಲಿನ್ ಏರುತ್ತದೆ, ರಕ್ತದಲ್ಲಿನ ರಂಜಕ, ಪೊಟ್ಯಾಸಿಯಂಗಳು ಜೀವಕೋಶಗಳೊಳಕ್ಕೆ ಸರಿದುಹೋಗುತ್ತವೆ, ಹೃದಯವೇ ತಪ್ಪುತ್ತದೆ. ಆದುದರಿಂದ ಐದಾರು ದಿನ ಹೆಚ್ಚುಕಡಿಮೆ ಏನನ್ನೂ ತಿನ್ನದವರು, ಬಹಳ ತೂಕ ಕಳೆದುಕೊಂಡವರು ವೈದ್ಯರ ಕಣ್ಣೆದುರಿನಲ್ಲಿಯೇ ಊಟ ಆರಂಭಿಸಬೇಕು. ಇಷ್ಟರಮಟ್ಟಿಗೆ ಅಜ್ಜಿಯೇ ಗೆದ್ದರು.

ಆದರೆ ಆಕೆಯ "ಒಂದು ತಿಂಗಳು" ಎಂಬ ಮಾತಿದೆಯಲ್ಲ, ಅದು ಸೋಲುತ್ತದೆ. ಜ್ವರಕ್ಕೆ ಲಂಘನವೇ ಔಷಧವೆಂದು ಯೂರೋಪಿನ ವೈದ್ಯರೂ ಬಹುಕಾಲ ನಂಬಿದ್ದರು. ಡಬ್ಲಿನ್ನಿನ ರಾಬರ್ಟ್ ಗ್ರೇವ್ಸ್ (1796–1853) ಅದನ್ನು ವಿರೋಧಿಸಿ ಜ್ವರದವರಿಗೆ ಉಣಿಸಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನ್ಯೂಯಾರ್ಕಿನ ವಾರನ್ ಕೋಲ್‌ಮನ್ ವಿಷಮಶೀತಜ್ವರದ ರೋಗಿಗಳಿಗೆ ಹಾಲು, ಕೆನೆ, ಮೊಟ್ಟೆಗಳನ್ನು ಧಾರಾಳವಾಗಿ ಕೊಟ್ಟು, ಅವರ ತೂಕವನ್ನು ಕಾಪಾಡಬಹುದೆಂದು ತೋರಿಸಿದರು.

ಹಾಗಾದರೆ ಎಷ್ಟು ಉಣ್ಣಬೇಕು? ಅಮೆರಿಕದ ಮಿನ್ನೆಸೋಟದಲ್ಲಿ 1944–45ರಲ್ಲಿ 36 ಮಂದಿ ತರುಣರು ಸ್ವ-ಇಚ್ಛೆಯಿಂದ 24 ವಾರ ಅರೆಹೊಟ್ಟೆಯಲ್ಲಿದ್ದರು. ತೂಕದ ಸುಮಾರು ನಾಲ್ಕನೆಯ ಒಂದು ಪಾಲನ್ನು ಕಳೆದುಕೊಂಡರು. ಅವರನ್ನು ಮತ್ತೆ ಮೊದಲಿನಂತೆ ಮಾಡಲು ಮಾಮೂಲಿನ ಊಟ ಸಾಲಲಿಲ್ಲ. ದಿನಕ್ಕೆ 4,000 ಕ್ಯಾಲೊರಿಯಷ್ಟು ಬೇಕೆಂದು ಪ್ರಯೋಗ ನಡೆಸಿದ ಆನ್ಸೆಲ್ ಕೀಸ್ ಕಂಡರು. ಇನ್ನೊಂದು ಮಾತು: ಕೊಬ್ಬು ಬೇಗ ಮರಳಿತು, ಸ್ನಾಯು ತಡವಾಗಿ ಮರಳಿತು. ತಕ್ಕಡಿಯ ಮುಳ್ಳು ಏರಿದ ಮಾತ್ರಕ್ಕೆ ಶಕ್ತಿ ಬಂದಿತೆಂದು ತಿಳಿಯಬಾರದು. ಇಲ್ಲಿ ನೆರೆಯವರ ಬೆಣ್ಣೆಯೂ ಅರ್ಧ ಸೋತಿತು. ಸ್ನಾಯುವಿಗೆ ಬೇಕಾದದ್ದು ಬೇಳೆ, ಹಾಲು, ಮೊಟ್ಟೆ ಮತ್ತು ದಿನವೂ ಒಂದಿಷ್ಟು ನಡಿಗೆ.

ಇದೆಲ್ಲ ಪರದೇಶದ ಮಾತಾಯಿತೆಂದರೆ, ನಮ್ಮವರ ಕೆಲಸವನ್ನೇ ನೋಡಿ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡಿನ 2,800 ಕ್ಷಯರೋಗಿಗಳಿಗೆ ಔಷಧದ ಜೊತೆಗೆ ತಿಂಗಳು ತಿಂಗಳು ಆಹಾರ ಸಾಮಗ್ರಿಯನ್ನೂ ಕೊಟ್ಟು ಪರೀಕ್ಷಿಸಿದರು. 2023ರಲ್ಲಿ ಪ್ರಕಟವಾದ ಫಲಿತಾಂಶ ಇದು: ಮೊದಲ ಎರಡು ತಿಂಗಳಲ್ಲಿ ಶೇಕಡಾ 5ರಷ್ಟು ತೂಕ ಕೂಡಿಸಿಕೊಂಡವರಲ್ಲಿ ಸಾವಿನ ಸಂಭವ ಸುಮಾರು ಶೇಕಡಾ 60ರಷ್ಟು ಕಡಿಮೆಯಾಗಿತ್ತು. ಕಾಯಿಲೆಯ ಮೇಲಿನ ತೂಕ ಅಂದಚೆಂದದ ವಿಷಯವಲ್ಲ; ಪ್ರಾಣದ ವಿಷಯ.

ಇನ್ನು ನಿಮ್ಮ ಅಡಿಗೆಮನೆಗೆ ಬರೋಣ. ಗಂಜಿಯಿಂದಲೇ ಆರಂಭಿಸಿ, ಆದರೆ ಅದನ್ನು ಬಲಪಡಿಸಿ. ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸಿದ ರಾಗಿಹಿಟ್ಟಿನ ಗಂಜಿ ಅಷ್ಟು ಗಟ್ಟಿಯಾಗುವುದಿಲ್ಲ. ಮೊಳಕೆಯಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುವುದೇ ಕಾರಣ. ಆದ್ದರಿಂದ ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಯುತ್ತದೆ. ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಮಲ್ಲೇಶಿ, ದೇಶಿಕಾಚಾರ್ ಇದೇ ತತ್ತ್ವದ ಮೇಲೆ ಮೊಳಕೆರಾಗಿಗೆ ಹೆಸರುಕಾಳು ಕೂಡಿಸಿ, 1982ರಲ್ಲಿ ಮಕ್ಕಳ ಆಹಾರವೊಂದನ್ನು ರೂಪಿಸಿದರು. ಅದು ದೊಡ್ಡವರಿಗೂ ಒಗ್ಗುತ್ತದೆ.

ಮೂರು ಹೊತ್ತಿನ ಊಟವನ್ನು ಐದಾರು ಸಣ್ಣ ಊಟಗಳಾಗಿ ಹಂಚಿ. ಹಸಿವು ಮರಳಿದಂತೆ ಮುದ್ದೆಬೇಳೆ, ತುಪ್ಪದ ಅನ್ನ, ಮೊಸರು, ಬಾಳೆಹಣ್ಣು, ಒಗ್ಗುವವರಿಗೆ ಮೊಟ್ಟೆ. ಊರಿನ ಮಂಡಕ್ಕಿಯೂ ಆಗಬಹುದು. ಆದರೆ ಅದು ಹೊಟ್ಟೆಯನ್ನು ತುಂಬುವಷ್ಟು ಮೈಯನ್ನು ತುಂಬದು. ಶೇಂಗಾ, ಹುರಿಗಡಲೆ ಬೆರೆಸಿದರೆ ಅದಕ್ಕೂ ಬೆಲೆ ಬರುತ್ತದೆ. ವಾರಕ್ಕೊಮ್ಮೆ ಒಂದೇ ವೇಳೆಗೆ ತೂಗಿ ಬರೆದಿಡಿ; ವಾರಕ್ಕೆ ಕಾಲರಿಂದ ಅರ್ಧ ಕೆ.ಜಿ. ಏರಿದರೆ ಸಾಕು. ಸಕ್ಕರೆಕಾಯಿಲೆ, ಮೂತ್ರಪಿಂಡದ ತೊಂದರೆ ಇರುವವರು ಈ ಪಟ್ಟಿಯನ್ನು ಮೊದಲು ವೈದ್ಯರಿಗೆ ತೋರಿಸಲಿ.

ಬೆಣ್ಣೆದೋಸೆಯ ಗತಿಯೇನು ಎನ್ನುವಿರಾ? 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಬಂದ ಚೆನ್ನಮ್ಮ ಎಂಬಾಕೆ ದಾವಣಗೆರೆಯಲ್ಲಿ ಮೊದಲು ಹಾಕಿದ್ದು ರಾಗಿ ದೋಸೆ, ಅಕ್ಕಿಯದು ಬಂದದ್ದು ಆಮೇಲೆ ಎಂದು ಊರಿನ ಮಾತು. ನಿಮ್ಮ ರೋಗಿಗೂ ಅದೇ ಕ್ರಮ ಇರಲಿ: ಮೊದಲು ರಾಗಿ, ಬೆಣ್ಣೆದೋಸೆ ಆಮೇಲೆ. ಗಂಜಿ ಅಧ್ಯಾಯದಿಂದ ದೋಸೆಯ ಅಧ್ಯಾಯಕ್ಕೆ ಹಾರಿಬಿಡುವುದಾಗಲಿ, ಗಂಜಿಯಲ್ಲೇ ನಿಂತುಬಿಡುವುದಾಗಲಿ ಸಲ್ಲದು.

ಕೊನೆಗೊಂದು ಎಚ್ಚರಿಕೆ. ಯಾವ ಕಾರಣವೂ ಕಾಣದೆ ಆರು ತಿಂಗಳಿಂದ ಒಂದು ವರ್ಷದೊಳಗೆ ತೂಕ ಶೇಕಡಾ 5ರಷ್ಟು, ಎಂದರೆ 60 ಕೆ.ಜಿ. ಇದ್ದವರು 3 ಕೆ.ಜಿ. ಇಳಿದರೆ, ಅದಕ್ಕೆ ಮದ್ದು ಅಡಿಗೆಮನೆಯಲ್ಲಿಲ್ಲ. ಕ್ಷಯ, ಸಕ್ಕರೆಕಾಯಿಲೆ, ಥೈರಾಯ್ಡ್, ಅರ್ಬುದ ಯಾವುದಾದರೂ ಒಳಗೆ ಅಡಗಿರಬಹುದು. ಮೊದಲು ಆಸ್ಪತ್ರೆಗೆ ಹೋಗಿ. ಒಲೆಯ ಮೇಲಿನ ಗಂಜಿ ನೀವು ಬರುವವರೆಗೆ ಕಾದಿರುತ್ತದೆ.