ಫ್ಲೀಟ್: ಹಲಸಿಯ ತಾಮ್ರಪಟ, ನಂದಗಡದ ಲಾವಣಿ

ಕನ್ನಡ ನಾಡಿನ ಶಾಸನಾಧ್ಯಯನಕ್ಕೆ ಭದ್ರ ತಳಹದಿ ಹಾಕಿದವರಲ್ಲಿ ಜಾನ್ ಫೇತ್‌ಫುಲ್ ಫ್ಲೀಟ್ (1847–1917) ಪ್ರಮುಖರು. 1867ರಲ್ಲಿ ಮುಂಬಯಿ ಪ್ರಾಂತದ ಸಿವಿಲ್ ಸೇವೆಗೆ ಬಂದ ಅವರು ಬೆಳಗಾವಿ ಭಾಗದಲ್ಲಿ ಅಧಿಕಾರಿಯಾಗಿದ್ದುಕೊಂಡೇ ಹಳಗನ್ನಡದ ವಿದ್ವಾಂಸರಾದರು.

ಖಾನಾಪುರ ತಾಲ್ಲೂಕಿನ ಹಲಸಿಯೇ ಕದಂಬರ ಪಲಾಶಿಕಾ. ಅಲ್ಲಿ ದೊರೆತ ಸಂಸ್ಕೃತ ತಾಮ್ರಪಟಗಳನ್ನು ಫ್ಲೀಟ್ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಸಂಪಾದಿಸಿದರು. ಕಾಕುಸ್ಥವರ್ಮನು ಸೇನಾಪತಿ ಶ್ರುತಕೀರ್ತಿಗೆ ಭೂಮಿಯಿತ್ತದ್ದು, ಮೃಗೇಶವರ್ಮನು ಪಲಾಶಿಕಾದಲ್ಲಿ ಜಿನಾಲಯ ಕಟ್ಟಿಸಿದ್ದು, ರವಿವರ್ಮನು ಎಂಟು ದಿನಗಳ ಜಿನಪೂಜೆಗೆ ದತ್ತಿ ಬಿಟ್ಟದ್ದು ಇವುಗಳಲ್ಲಿ ದಾಖಲಾಗಿವೆ. ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತ ಅವರ 1882ರ ಗ್ರಂಥಕ್ಕೆ ಶಾಸನಗಳೇ ಆಧಾರ. ಮರುವರ್ಷ ಅವರು ಭಾರತ ಸರ್ಕಾರದ ಶಾಸನತಜ್ಞರಾದರು. 1888ರಲ್ಲಿ ಗುಪ್ತರ ಶಾಸನಸಂಪುಟ ಹೊರಬಂದಿತು.

ಅದೇ ತಾಲ್ಲೂಕಿನ ನಂದಗಡದಲ್ಲಿ 1831ರಲ್ಲಿ ಬ್ರಿಟಿಷರು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ್ದರು. ಅರ್ಧ ಶತಮಾನ ಕಳೆದ ಮೇಲೆ, ಅದೇ ಪ್ರಭುತ್ವದ ಸೇವಕರಾದ ಫ್ಲೀಟ್ ರಾಯಣ್ಣನ ಲಾವಣಿಯನ್ನೂ ಹಲಗಲಿ ಬೇಡರ ಲಾವಣಿಯನ್ನೂ ಸಂಗ್ರಹಿಸಿ, ಅನುವಾದದೊಡನೆ ಅಚ್ಚುಮಾಡಿಸಿದರು. ರಾಜರ ದತ್ತಿಯನ್ನು ಓದಿದ ಕಣ್ಣು ಬಂಡೆದ್ದವರ ಹಾಡನ್ನೂ ಆಕರವೆಂದು ಗುರುತಿಸಿತು.

ಇದರಿಂದ ವಸಾಹತು ಆಳ್ವಿಕೆಯ ಕ್ರೌರ್ಯ ಕಡಿಮೆಯಾಗದು; ಫ್ಲೀಟರ ವಿದ್ವತ್ತಿನ ಋಣವೂ ತೀರದು. ಸಂಶೋಧಕರು ಇವೆರಡನ್ನೂ ಒಟ್ಟಿಗೆ ನೆನೆಯಬೇಕು. ತಾಮ್ರಪಟದ ಜೊತೆಗೆ ಲಾವಣಿಯನ್ನೂ ಓದಿದಾಗ ಮಾತ್ರ ಈ ನೆಲದ ಚರಿತ್ರೆ ಪೂರ್ಣವಾದೀತು.