ಏಣಗಿ ಬಾಳಪ್ಪನವರು ಮತ್ತು ಕಿತ್ತೂರು ನಾಡಿನ ರಂಗಭೂಮಿ

ಮಲಪ್ರಭೆಯ ನೀರುಂಡ ಸವದತ್ತಿಯ ಸೀಮೆಯು ಎರಡು ಭಾಷೆಗಳ ರಂಗಭೂಮಿಗೆ ಇಬ್ಬರು ಪುರುಷರನ್ನು ಕೊಟ್ಟಿತು. ಒಬ್ಬರು ಗುರ್ಲಹೊಸೂರಿನಲ್ಲಿ 1843ರಲ್ಲಿ ಜನಿಸಿದ ಬಳವಂತ ಪಾಂಡುರಂಗ ಕಿರ್ಲೋಸ್ಕರರು. 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನು ಆಡಿಸಿ ಮರಾಠಿ ಸಂಗೀತ ನಾಟಕಕ್ಕೆ ತಳಹದಿ ಹಾಕಿದ ಅಣ್ಣಾಸಾಹೇಬರೆಂದರೆ ಇವರೇ. ಇನ್ನೊಬ್ಬರು ಏಣಗಿಯ ಒಕ್ಕಲಿಗರ ಮನೆಯಲ್ಲಿ 1914ರಲ್ಲಿ ಹುಟ್ಟಿದ ಬಾಳಪ್ಪನವರು. ಮೊದಲನೆಯವರ ಕೀರ್ತಿಯು ಕೃಷ್ಣೆಯನ್ನು ದಾಟಿ ಹೋಯಿತು. ಎರಡನೆಯವರದು ಕನ್ನಡನಾಡಿನಲ್ಲಿಯೇ ಬೆಳೆದು ನಿಂತಿತು. ಈ ಇಬ್ಬರನ್ನು ಒಟ್ಟಿಗೆ ನೆನೆಯದ ಹೊರತು ಬಾಳಪ್ಪನವರು ಸಾಧಿಸಿದುದೇನೆಂಬದು ಸರಿಯಾಗಿ ತಿಳಿಯಲಾರದು.

ಕನ್ನಡದ ಹುಡುಗನು ಕಟ್ಟಿದ ಆ ಮರಾಠಿ ನಾಟಕವು ಮುಂದೆ ಕನ್ನಡದ ಊರುಗಳಿಗೇ ಪ್ರತಿಸ್ಪರ್ಧಿಯಾಗಿ ಮರಳಿ ಬಂದುದು ಇತಿಹಾಸದ ವಿನೋದವೆಂದೇ ಹೇಳಬೇಕು. ವಿನೋದವು ಇಷ್ಟಕ್ಕೇ ಮುಗಿಯುವದಿಲ್ಲ. ಸಾಂಗಲಿಯಲ್ಲಿ 1843ರಲ್ಲಿ ವಿಷ್ಣುದಾಸ ಭಾವೆಯವರು ಮರಾಠಿ ನಾಟಕವನ್ನು ಆರಂಭಿಸಿದುದಕ್ಕೆ ಪ್ರೇರಣೆಯಾದದ್ದು ಉತ್ತರ ಕನ್ನಡದ ಕರ್ಕಿಯಿಂದ ಬಂದ ಯಕ್ಷಗಾನದ ಮೇಳ. ಕೊಟ್ಟವರೇ ಬೇಡುವ ಸ್ಥಿತಿಗೆ ಬಂದರು! ಬೆಳಗಾವಿ, ಧಾರವಾಡಗಳ ವಿದ್ಯಾವಂತರು ಮರಾಠಿ ಪದಗಳಿಗೆ ತಲೆದೂಗುತ್ತಿದ್ದುದನ್ನು ಕಂಡು ನೊಂದ ಸಕ್ಕರಿ ಬಾಳಾಚಾರ್ಯರು, ಅಂದರೆ ಶಾಂತಕವಿಗಳು, ಗದುಗಿನಲ್ಲಿ ಕನ್ನಡ ನಾಟಕಕ್ಕೆ ನಾಂದಿ ಹಾಡಿದರು. ಗರುಡ ಸದಾಶಿವರಾಯರು, ಶಿರಹಟ್ಟಿ ವೆಂಕೋಬರಾಯರು, ವಾಮನರಾವ ಮಾಸ್ತರರು ಆ ದಾರಿಯನ್ನು ರಾಜಮಾರ್ಗವನ್ನಾಗಿ ಮಾಡಿದರು. ಬಾಳಪ್ಪನವರು ಬಣ್ಣ ಹಚ್ಚಿಕೊಂಡದ್ದು ಇವರೆಲ್ಲರ ತರುವಾಯ.

ಅವರ ಮೊದಲ ಪಾಠಶಾಲೆಯು ಊರ ಬಯಲಾಟ. ಕುಲಗೋಡ ತಮ್ಮಣ್ಣನ ‘ಶ್ರೀಕೃಷ್ಣ ಪಾರಿಜಾತ’ವು ಮನೆಮಾತಾಗಿದ್ದ ಸೀಮೆಯದು. ಒಕ್ಕಲುಮಕ್ಕಳು ಹಗಲು ನೇಗಿಲು ಹಿಡಿದು ಇರುಳು ಹೆಜ್ಜೆ ಹಾಕುತ್ತಿದ್ದರು. ತೆರೆದ ಬಯಲಿನಲ್ಲಿ ನಿಂತು ಊರಿಗೆಲ್ಲ ಕೇಳಿಸುವಂತೆ ಹಾಡಬೇಕಾದವನ ಕಂಠವು ತಾನಾಗಿಯೇ ತೆರೆದುಕೊಳ್ಳುತ್ತದೆ. ಅಲ್ಲಿಂದ ಕಂಪನಿಗೆ ಹೋದಾಗ ಬಾಳಪ್ಪನವರ ಪಾಲಿಗೆ ಬಂದದ್ದು ಸ್ತ್ರೀಪಾರ್ಟು. ಆ ಕಾಲದಲ್ಲಿ ಇದೇನೂ ಕೀಳಾದ ಮಾತಲ್ಲ; ಮರಾಠಿಯಲ್ಲಿ ಬಾಲಗಂಧರ್ವರು ಇದೇ ಪಾರ್ಟಿನಿಂದ ರಸಿಕರ ಆರಾಧ್ಯದೈವವಾಗಿದ್ದರು. ಸೀರೆಯ ನೆರಿಗೆ, ನಡಿಗೆ, ನೋಟಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ ನಟನಿಗೆ ತನ್ನ ಮೈಯನ್ನು ತಾನೇ ಹೊರಗಿನಿಂದ ನೋಡಿಕೊಳ್ಳುವ ಶಕ್ತಿ ಬರುತ್ತದೆ. ಮುಂದೆ ಅವರ ಪುರುಷಪಾತ್ರಗಳಲ್ಲಿ ಕಂಡ ಸಂಯಮಕ್ಕೆ ಈ ಸಾಧನೆಯೇ ಬೇರಾಗಿರಬೇಕು.

1940ರ ದಶಕದಲ್ಲಿ ಅವರು ತಾವೇ ಕಂಪನಿಯ ಮಾಲಕರಾದರು. ಅವರ ‘ಕಲಾವೈಭವ ನಾಟ್ಯ ಸಂಘ’ದ ಹೆಸರನ್ನು ಕೇಳದ ಮನೆಯು ಉತ್ತರ ಕರ್ನಾಟಕದಲ್ಲಿ ಆಗ ವಿರಳವಾಗಿತ್ತು. ಕಂಪನಿಯ ಮಾಲಕನೆಂದರೆ ಬರಿಯ ನಟನಲ್ಲ. ತಗಡಿನ ಥೇಟರು, ಪಡದೆಗಳು, ಪೋಷಾಕಿನ ಟ್ರಂಕುಗಳು, ಕಾಲಪೆಟ್ಟಿಗೆ, ತಬಲಾ, ಅಡಿಗೆಯ ಪಾತ್ರೆಗಳು, ನಟರು, ಅವರ ಹೆಂಡಿರು ಮಕ್ಕಳು, ಇಷ್ಟನ್ನೂ ಹೊತ್ತುಕೊಂಡು ಊರೂರು ತಿರುಗುವ ಒಂದು ಸಂಸಾರದ ಯಜಮಾನನವನು. ಹತ್ತಿ ಮಾರಾಟವಾಗಿ ರೈತನ ಕೈಯಲ್ಲಿ ರೊಕ್ಕವಾಡುವ ದಿನಗಳಲ್ಲಿ ಬೈಲಹೊಂಗಲದಂಥ ಪೇಟೆಯೂರುಗಳು, ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಸವದತ್ತಿಯ ಎಲ್ಲಮ್ಮನ ಜಾತ್ರೆ, ಇಂಥವನ್ನು ನೋಡಿ ಕಂಪನಿಗಳು ಮೊಕ್ಕಾಮು ಗೊತ್ತುಮಾಡುತ್ತಿದ್ದವು. ಮಳೆ ತಪ್ಪಿದರೆ ರೈತನಿಗಿಂತ ಮೊದಲು ಕಂಪನಿಗೆ ಬಿಸಿ ತಟ್ಟುತ್ತಿತ್ತು. ಇದರ ಮೇಲೆ 1956ರವರೆಗೆ ಈ ತಾಲೂಕುಗಳು ಮುಂಬಯಿಯ ಆಡಳಿತಕ್ಕೆ ಒಳಪಟ್ಟಿದ್ದವು. ರಾಮದುರ್ಗವು 1948ರವರೆಗೆ ಪ್ರತ್ಯೇಕ ಸಂಸ್ಥಾನವೇ ಆಗಿದ್ದಿತು. ಒಂದೇ ನುಡಿಯಾಡುವ ನೆರೆಹೊರೆಯ ಊರುಗಳ ನಡುವೆ ಹೀಗೆ ಗಡಿಗಳಿದ್ದವು. ನಾಟಕದ ಕನ್ನಡವು ಮಾತ್ರ ಆ ಗಡಿಗಳನ್ನು ಲೆಕ್ಕಿಸಲಿಲ್ಲ.

ಮಾಲಕನಾದವನು ಎಲ್ಲ ರಸಗಳಿಗೂ ಸಿದ್ಧನಿರಬೇಕಾಗುತ್ತಿತ್ತು. ಇಂದು ಪೌರಾಣಿಕ, ನಾಳೆ ಐತಿಹಾಸಿಕ, ಮರುದಿನ ‘ಹಳ್ಳಿಯ ಹುಡುಗಿ’ಯಂಥ ಸಾಮಾಜಿಕ. ಬಾಳಪ್ಪನವರ ಬಹುಮುಖತೆಯನ್ನು ಹೊಗಳುವವರು ಈ ನಿರ್ಬಂಧವನ್ನು ಮರೆಯುವದುಂಟು. ಆದರೆ ಅದೇ ನಿರ್ಬಂಧದಲ್ಲಿ ಇನ್ನೂ ಎಷ್ಟೋ ನಟರು ಇದ್ದರು, ಅವರೆಲ್ಲರೂ ಬಾಳಪ್ಪನವರಾಗಲಿಲ್ಲ.

ಅವರನ್ನು ಅವರನ್ನಾಗಿ ಮಾಡಿದ್ದು ‘ಜಗಜ್ಯೋತಿ ಬಸವೇಶ್ವರ’. ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದಂದಿನಿಂದ ವಚನಗಳು ಓದುಬಲ್ಲವರ ಮನೆಗಳನ್ನು ಸೇರತೊಡಗಿದ್ದವು. ಓದು ಬಾರದವರಿಗೆ ಅವು ಮಠದ ಮಾತಿನಲ್ಲಿ, ಹಾಡಿನಲ್ಲಿ ಚೂರುಚೂರಾಗಿ ದೊರೆಯುತ್ತಿದ್ದವು. ಬಸವಣ್ಣನವರ ಪಾತ್ರಧಾರಿಯಾಗಿ ಬಾಳಪ್ಪನವರು ರಂಗದ ಮೇಲೆ ನಿಂತು ವಚನವನ್ನು ಹಾಡಿದಾಗ, ಒಂದು ಜೀವನದ ಕಷ್ಟಸುಖಗಳ ನಡುವೆ ಆ ಮಾತು ಹುಟ್ಟುವದನ್ನೇ ಜನರು ಕಣ್ಣಾರೆ ಕಂಡರು. ಆಟ ಮುಗಿದ ಮೇಲೂ ಅವರು ನಟನನ್ನು ನಟನೆಂದು ಕಾಣದೆ ಕೈಮುಗಿಯುತ್ತಿದ್ದರು. ಇದು ಬರಿಯ ಮುಗ್ಧಭಕ್ತಿಯೆಂದು ನಗುವವರು ನಗಲಿ. ಬಯಲಾಟದ ಬಿಚ್ಚುಗಂಠ, ಮರಾಠಿ ನಾಟ್ಯಸಂಗೀತವು ಕಲಿಸಿದ ರಾಗದ ನಯ, ಕಿತ್ತೂರು ನಾಡಿನ ಒಕ್ಕಲಿಗನ ನೇರವಾದ ಮಾತು, ಈ ಮೂರೂ ಒಂದೇ ದೇಹದಲ್ಲಿ ಕೂಡಿಬಂದಿದ್ದವು. ಕಿರ್ಲೋಸ್ಕರರ ಪರಂಪರೆಗೆ ಕನ್ನಡವು ಕೊಟ್ಟ ಉತ್ತರವು ಇಲ್ಲಿದೆ: ಅದು ಅನುಕರಣೆಯೂ ಅಲ್ಲ, ತಿರಸ್ಕಾರವೂ ಅಲ್ಲ.

ಚರಿತ್ರೆಯ ನಾಟಕಗಳಿಗಂತೂ ಈ ಸೀಮೆಯಲ್ಲಿ ಬೇರೆಯೇ ಅರ್ಥವಿದ್ದಿತು. 1824ರ ಅಕ್ಟೋಬರ 23ರಂದು ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆಯು ಬಿದ್ದುದು, ಆ ವರ್ಷದ ಕೊನೆಗೆ ಕೋಟೆಯು ಕೈಬಿಟ್ಟುದು, ರಾಣಿ ಚೆನ್ನಮ್ಮನು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡುದು, ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದುದು, ಇವೆಲ್ಲ ಲಾವಣಿಕಾರರ ನಾಲಗೆಯ ಮೇಲಿದ್ದ ಸಂಗತಿಗಳು. ರಾಮದುರ್ಗದ ಜನರಂತೂ 1939ರ ಏಪ್ರಿಲಿನ ದಂಗೆಯನ್ನು ಸ್ವತಃ ಕಂಡವರು. ಇಂಥ ಪ್ರೇಕ್ಷಕರ ಮುಂದೆ ಚೆನ್ನಮ್ಮನ ಕಥೆಯನ್ನು ಆಡುವದು ಸುಲಭವಲ್ಲ. ಹೊಂಗಲದಲ್ಲಿ ಆಟ ನೋಡಿದವನು ಬೆಳಗಾದರೆ ರಾಣಿಯ ಸಮಾಧಿಗೆ ನಡೆದುಹೋಗಬಹುದು. ಆತನಿಗೆ ಸುಳ್ಳು ವೀರಾವೇಶವನ್ನು ಮಾರಲಾಗದು.

ಅಷ್ಟರಲ್ಲಿ ಚಿತ್ರಪಟವು ಬಂದಿತು. 1934ರಲ್ಲಿ ‘ಸತಿ ಸುಲೋಚನ’ದೊಂದಿಗೆ ಕನ್ನಡ ಮಾತನಾಡತೊಡಗಿದ ಬೆಳ್ಳಿತೆರೆಯು ಆರಂಭದಲ್ಲಿ ರಂಗಭೂಮಿಯ ಅನ್ನವನ್ನೇ ಉಂಡು ಬೆಳೆಯಿತು. ನಟರು, ಕಥೆಗಳು, ಹಾಡುಗಳು ಎಲ್ಲವೂ ಕಂಪನಿಗಳಿಂದಲೇ ಹೋದವು. ಹೊನ್ನಪ್ಪ ಭಾಗವತರು ಬಸವಣ್ಣನಾದ ‘ಜಗಜ್ಯೋತಿ ಬಸವೇಶ್ವರ’ವು 1959ರಲ್ಲಿ ತೆರೆಗೆ ಬಂದಿತು, ಬಿ.ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ದಲ್ಲಿ ಬಿ. ಸರೋಜಾದೇವಿಯವರು 1961ರಲ್ಲಿ ರಾಣಿಯಾದರು. ತಗಡಿನ ಥೇಟರಿನಲ್ಲಿ ಜನರು ಕಂಡುದೇ ಈಗ ಕಡಿಮೆ ದರಕ್ಕೆ, ದಿನಕ್ಕೆ ಹಲವು ಸಲ, ಒಂದೇ ದಿವಸ ಹತ್ತೂರುಗಳಲ್ಲಿ ಕಾಣಿಸತೊಡಗಿತು. ಸುರುಳಿಗೆ ಹಸಿವಿಲ್ಲ, ಶೀತವಾಗಿ ಗಂಟಲು ಕಟ್ಟುವದಿಲ್ಲ. ಕಂಪನಿಯ ಹೊರೆಯಾದರೋ ಪ್ರತಿದಿನವೂ ಅಷ್ಟೇ. ಬಾಳಪ್ಪನವರು ದಶಕಗಳ ಕಾಲ ಇದನ್ನು ಎದುರಿಸಿ ನಿಂತರು. 1980ರ ದಶಕದ ಹೊತ್ತಿಗೆ ಕಲಾವೈಭವದ ತೆರೆ ಬಿದ್ದಿತು. ರಾಜ್ಯೋತ್ಸವ ಪ್ರಶಸ್ತಿ, ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಮೊದಲಾದ ಗೌರವಗಳು ಅವರನ್ನು ಹುಡುಕಿಕೊಂಡು ಬಂದವು; ಆದರೆ ಪ್ರಶಸ್ತಿಯಿಂದ ಕಂಪನಿಯು ನಡೆಯುವದಿಲ್ಲ.

ಅವರ ಕಂಪನಿಯ ನಾಯಕಿಯಾಗಿ ಲಕ್ಷ್ಮೀಬಾಯಿಯವರು ಪಡೆದ ಹೆಸರೂ ಚಿಕ್ಕದಲ್ಲ. ಸ್ತ್ರೀಪಾರ್ಟಿನಿಂದ ಬೆಳಕಿಗೆ ಬಂದ ನಟನೇ ತನ್ನ ಮಂಡಳಿಯಲ್ಲಿ ಸ್ತ್ರೀಯರಿಗೆ ಆ ಸ್ಥಾನವನ್ನು ಬಿಟ್ಟುಕೊಟ್ಟುದು ಗಮನಿಸತಕ್ಕ ವಿಷಯ. ಬಾಲಗಂಧರ್ವರ ಮಂಡಳಿಯಲ್ಲಿ ಬಿಳಗಿಯ ಗೋಹರಬಾಯಿಯವರು ನಾಯಕಿಯಾದುದನ್ನು ಇದರೊಂದಿಗೆ ಹೋಲಿಸಬಹುದು. ಮಗ ನಟರಾಜರು ಆಧುನಿಕ ರಂಗಭೂಮಿಯಲ್ಲಿಯೂ ಚಲನಚಿತ್ರದಲ್ಲಿಯೂ ನಟಿಸಿ, ಧಾರವಾಡದ ರಂಗಾಯಣದ ನಿರ್ದೇಶಕರಾದರು. ತಂದೆಯ ರಂಗಗೀತೆಗಳನ್ನು ಅರಿತು ಹಾಡಬಲ್ಲವರಾಗಿದ್ದ ಈ ಮಗ 2012ರಲ್ಲಿ ತೀರಿಕೊಂಡರು. ಆಗ ತಂದೆಗೆ ತೊಂಬತ್ತೆಂಟರ ಸುಮಾರು.

ಬಾಳಪ್ಪನವರ ನೆನಪುಗಳನ್ನು ಗಣೇಶ ಅಮೀನಗಡರು ‘ಬಣ್ಣದ ಬದುಕಿನ ಚಿನ್ನದ ದಿನಗಳು’ ಎಂಬ ಗ್ರಂಥದಲ್ಲಿ ಬರೆದಿಟ್ಟುದು ದೊಡ್ಡ ಉಪಕಾರ. ಆದರೆ ಮೈಕು ಇಲ್ಲದ ಥೇಟರಿನಲ್ಲಿ ಕೊನೆಯ ಸಾಲಿನ ನೆಲದ ಮೇಲೆ ಕುಳಿತವನಿಗೆ ಕೇಳಿಸಿದ ಆ ವಚನವನ್ನು ಯಾವ ಪುಸ್ತಕವೂ ಹಿಡಿದಿಡಲಾರದು; ಮುಪ್ಪಿನಲ್ಲಿ ಅವರು ಹಾಡಿದುದನ್ನು ಕೇಳಿದವರು ಯೌವನದ ಧ್ವನಿಯನ್ನು ಊಹಿಸಿಕೊಳ್ಳಬೇಕಾಗಿತ್ತು. ನೂರು ದಾಟಿದ ಮೇಲೂ ಪದವೊಂದನ್ನು ಕೇಳಿದರೆ ಅವರು ಇಲ್ಲವೆನ್ನುತ್ತಿರಲಿಲ್ಲ. 2017ರ ಆಗಸ್ಟ 18ರಂದು, ನೂರಾಮೂರರ ವಯಸ್ಸಿನಲ್ಲಿ, ಅವರು ಕಾಲವಾದರು.